ಕತ್ತರಿಸದೆ ಉಳಿದ ಉಸಿರು

"ಅದನ್ನ ಮುಟ್ಟಬೇಡ," ಎಂದಳು ಅವಳು, ಮೈದುನ ಬಗ್ಗಿ ಬೂಟಿಗೆ ಕೈ ಹಾಕುವಷ್ಟರಲ್ಲಿ.

"ಅತ್ತಿಗೆ, ಬಂದವರೆಲ್ಲ ಎಡವ್ತಿದಾರೆ. ಬೆಂಚಿನ ಕೆಳಗೆ ಸರಿಸ್ತೀನಿ, ಅಷ್ಟೇ."

"ಎಡವಲಿ. ಮೂವತ್ತೊಂದು ವರ್ಷ ನಾನು ಎಡವಿಲ್ವಾ?"

ಬಾಗಿಲ ಪಕ್ಕದ ಬೆಂಚಿನ ಮುಂದೆ, ದಾರಿಗೆ ಅಡ್ಡವಾಗಿ ಒಂದೇ ಒಂದು ಬೂಟು ಬಿದ್ದಿತ್ತು. ಅದರ ಜೊತೆಯದು ಆಸ್ಪತ್ರೆಯಿಂದ ಚೀಲದಲ್ಲಿ ವಾಪಸು ಬಂದಿತ್ತು. ಮೊನ್ನೆ ಸಂಜೆ ಕೆಲಸ ಮುಗಿಸಿ ಬಂದ ಗಂಡ ಅಲ್ಲಿ ಕೂತು ಎಡಗಾಲಿನ ಬೂಟು ಬಿಚ್ಚಿದ್ದ. ಬಲಗಾಲಿನದಕ್ಕೆ ಬಗ್ಗಿದವನು ಮತ್ತೆ ತಲೆ ಎತ್ತಲಿಲ್ಲ. ಈಗ ಮುಂದಿನ ಕೋಣೆಯಲ್ಲಿ ಪೆಟ್ಟಿಗೆಯೊಳಗೆ, ತಲೆ ಬಾಚಿಸಿಕೊಂಡು, ಈ ಗದ್ದಲಕ್ಕೂ ತನಗೂ ಸಂಬಂಧವೇ ಇಲ್ಲವೆನ್ನುವಂತೆ ಮಲಗಿದ್ದ. ಹನ್ನೊಂದಕ್ಕೆ ವ್ಯಾನು ಬರಬೇಕಿತ್ತು.

ಹಾಡು ಧ್ವನಿಮುದ್ರಿಸುವ ಕೆಲಸ ಅವನದು. ಸ್ಟುಡಿಯೋದವರು ಕರೆಯುತ್ತಿದ್ದುದು ಕಿವಿರಾಯ ಎಂದೇ. ಗಾಯಕರು ಸಾಲು ಸಾಲಿನ ನಡುವೆ ಎಳೆದುಕೊಳ್ಳುವ ಉಸಿರನ್ನೆಲ್ಲ ಹುಡುಕಿ ಹುಡುಕಿ ಕತ್ತರಿಸಿ ತೆಗೆಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಊರವರ ಉಸಿರಿಗೆಲ್ಲ ಕತ್ತರಿ ಹಾಕುವ ಮನುಷ್ಯ ತನ್ನ ಉಸಿರಿನ ವಿಷಯದಲ್ಲಿ ಮಾತ್ರ ಮಹಾ ಧಾರಾಳಿ. ಸಂಜೆ ಎರಡೂ ಬೂಟು ಬಿಚ್ಚಿ ಬಿಸಾಕಿದ ಮೇಲೆ ಬೆಂಚಿಗೊರಗಿ ಉದ್ದಕ್ಕೆ ಒಂದು ಉಸಿರು ಬಿಡುತ್ತಿದ್ದ. ಅದು ಅರ್ಧದಲ್ಲಿ ಒಮ್ಮೆ ತಡೆದು, ಆಮೇಲೆ ಪೂರ್ತಿ ಇಳಿಯುತ್ತಿತ್ತು.

"ಬೆಟ್ಟ ಹೊತ್ಕೊಂಡು ಬಂದ್ರಾ?" ಎಂದು ಗೊಣಗಿ ಅವಳು ಬೂಟನ್ನು ಕಾಲಿನಿಂದ ಬೆಂಚಿನಡಿಗೆ ತಳ್ಳುವಳು. ಅಲ್ಲಿಗೆ ಆ ದಿನ ಮುಗಿಯುತ್ತಿತ್ತು.

ಮೊನ್ನೆ ಆ ಉಸಿರು ಬರಲೇ ಇಲ್ಲ. ದಿನ ಇನ್ನೂ ಮುಗಿದಿಲ್ಲ, ಬಾಗಿಲಲ್ಲೇ ನಿಂತಿದೆ ಎಂದು ಅವಳಿಗೆ ಅನಿಸುತ್ತಿತ್ತು. ಇದನ್ನೆಲ್ಲ ಮೈದುನನಿಗೆ ಹೇಗೆ ಹೇಳುವುದು?

ಹೊರಗೆ ಗುಜುಗುಜು ಎದ್ದಿತು. ಕಿವಿರಾಯನ ಹಳೆಯ ಗೆಳೆಯ, ಕೀಬೋರ್ಡಿನವನು, ಕಿಟಕಿಯಿಂದ ಇಣುಕಿದ. "'ಬಾಗಿಲು ತೆರೆದೇ ಇದೆ' ಹಾಡಿನ ಗಾಯಕಿ ಬಂದ್ರು. ಗೇಟಿನ ಹತ್ರ ಅವರ ಅಭಿಮಾನಿಗಳು ಬೀದಿ ತುಂಬ ಸೇರಿದಾರೆ."

"ಬರಲಿ," ಎಂದಳು ಅವಳು. "ನನಗೂ ಅವಳ ಹತ್ರ ಒಂದು ಮಾತಿದೆ."

* * *

ಆರು ವರ್ಷದ ಹಿಂದಿನ ಮಾತು. ಜನರನ್ನು ಕುಣಿಸಿಯೇ ಹೆಸರಾದ ಗಾಯಕಿ ಒಂದು ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ತಾನೇ ಕಟ್ಟಿದ ಹಾಡು ಹಿಡಿದು ಸ್ಟುಡಿಯೋಗೆ ಬಂದಿದ್ದಳು. ಆ ಹಾಡಿಗೆ, ಪಕ್ಕದ ಕೋಣೆಯಲ್ಲಿ ಯಾರದೋ ಎದೆ ಬಡಿದಂತೆ ಯಂತ್ರದ ತಾಳ, ಅದರ ಹಿಂದೆ ಮುಗಿಯದ ಒಂದೇ ಸ್ವರ. 'ಬಾಗಿಲು ತೆರೆದೇ ಇದೆ, ಒಳಗೆ ಬರಲು ನಾನೇ ಇಲ್ಲ' ಎಂಬುದು ಕೊನೆಯ ಸಾಲು. ಗಾಜಿನ ಗೋಡೆಗೆ ಮುಖ ಮಾಡಿ ಆ ಸಾಲು ಹಾಡಲು ಅವಳಿಗೆ ಆಗಲೇ ಇಲ್ಲ. ಹದಿಮೂರು ಸಲ ತಪ್ಪಿದ ಮೇಲೆ ಕಿವಿರಾಯ ಗಾಜಿನಾಚೆಯ ತನ್ನ ಜಾಗ ಬಿಟ್ಟು ಒಳಗೆ ಹೋಗಿ, ಅವಳೆದುರು ಸ್ಟೂಲಿನ ಮೇಲೆ ಕೂತ. "ನನಗೆ ಹೇಳಮ್ಮ, ಸಾಕು," ಎಂದ. ಅವಳು ಹಾಡಿದಳು. ಸ್ವರ ಇಳಿದು ಎಲ್ಲ ನಿಂತಾಗ, ಮುಗಿಯಿತೆಂದುಕೊಂಡು, ಮನೆಯ ಬೆಂಚಿನ ಮೇಲೆ ಬಿಡುವ ಹಾಗೆಯೇ ಒಂದು ಉಸಿರು ಬಿಟ್ಟ. ಮೈಕು ಅದನ್ನೂ ಹಿಡಿಯಿತು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗೆ ಕಿವಿರಾಯನ ಕಿವಿಗೆ ತನ್ನ ಉಸಿರು ಮಾತ್ರ ಕೇಳಿಸಲೇ ಇಲ್ಲ.

ಮೊದಮೊದಲು ರೇಡಿಯೋದವರು ಮೂಗು ಮುರಿದರು. ಕುಣಿಸುವವಳು ಅಳುತ್ತ ಕೂತರೆ ಕೇಳುವವರು ಯಾರು ಎಂದರು. ಆದರೆ ಬಸ್ಸಿನ ಕಿಟಕಿಗೆ ತಲೆಯಾನಿಸಿದವರು, ಆಸ್ಪತ್ರೆಯ ಬೆಂಚಿನಲ್ಲಿ ಸರದಿಗೆ ಕಾದವರು ಒಬ್ಬೊಬ್ಬರಾಗಿ ಕೇಳಿದರು. ಎಲ್ಲರೂ ಕಾಯುತ್ತಿದ್ದುದು ಕೊನೆಯ ಆ ಉಸಿರಿಗೆ. ಗಾಯಕಿಯ ಕಾರ್ಯಕ್ರಮಗಳಲ್ಲಿ ಹಾಡು ಮುಗಿದಾಗ ಮೈದಾನಕ್ಕೆ ಮೈದಾನವೇ ಅದೇ ಉಸಿರನ್ನು ಬಿಡತೊಡಗಿತು.

"ಅದು ನನ್ನದೇ ಉಸಿರು, ಒಳಗಿಂದ ಬಂತು," ಎಂದು ಅವಳು ಟೀವಿಯಲ್ಲಿ ಹೇಳಿದ ದಿನ ಹೆಂಡತಿ ಕೂತಲ್ಲಿಂದ ಎದ್ದುಬಿಟ್ಟಿದ್ದಳು. "ಹಸಿ ಸುಳ್ಳು! ನಿಮ್ಮ ಉಸಿರು ನನಗೆ ಗೊತ್ತಾಗಲ್ವಾ?"

ಗಂಡ ಪೇಪರಿನ ಹಾಳೆ ತಿರುವಿದ. "ಬಿಡೇ. ಅವಳ ಹಾಡು, ಅವಳ ಉಸಿರು."

* * *

ಗಾಯಕಿ ಬೂಟನ್ನು ದಾಟಿ ಒಳಗೆ ಬಂದು ಪೆಟ್ಟಿಗೆಯ ಮುಂದೆ ನಿಂತಳು. ಅತ್ತು ಅತ್ತು ಮುಖ ಊದಿತ್ತು.

"ಇಷ್ಟು ಜನ ಇದ್ದಾರೆ," ಎಂದಳು ಹೆಂಡತಿ. "ಈಗಲಾದ್ರೂ ಹೇಳು. ಆ ಉಸಿರು ಯಾರದು?"

"ಅತ್ತಿಗೆ, ಇವತ್ತು ಬೇಡ..."

"ಇವತ್ತಲ್ಲದೆ ಇನ್ಯಾವತ್ತೋ?"

"ಅವರದ್ದೇ, ಅಮ್ಮಾ," ಎಂದಳು ಗಾಯಕಿ. "ಹಾಡು ಹೊರಗೆ ಬಂದ ಮೂರನೇ ದಿನ ಅವರೇ ಬಂದು ಹೇಳಿದ್ರು. 'ಉಸಿರು ಕತ್ತರಿಸೋನು ತನ್ನ ಉಸಿರನ್ನೇ ಬಿಟ್ಟ ಅಂತ ಗೊತ್ತಾದ್ರೆ ನನ್ನನ್ನ ಯಾರಮ್ಮ ಕೆಲಸಕ್ಕೆ ಕರೀತಾರೆ? ತೆಗೆದು ಮತ್ತೆ ಕಳಿಸ್ತೀನಿ' ಅಂದ್ರು. ನಾನೇ ಬಿಡಲಿಲ್ಲ. ಅದನ್ನ ತೆಗೆದ್ರೆ ಆ ಹಾಡಲ್ಲಿ ಮನೆಗೆ ಯಾರೂ ಬರೋದೇ ಇಲ್ಲ. 'ಹಾಗಾದ್ರೆ ಅದು ನಿನ್ನದೇ ಅಂತ ಹೇಳು, ನಮ್ಮನೆಯವಳಿಗೂ ಗೊತ್ತಾಗಬಾರದು' ಅಂತ ಕೈ ಮುಗಿದ್ರು."

ಆರು ವರ್ಷ ಕಟ್ಟಿಟ್ಟುಕೊಂಡ ಸಿಟ್ಟಿಗೆ ಹೋಗಲು ಜಾಗವೇ ಇಲ್ಲದಂತಾಯಿತು. ಹೆಂಡತಿ ಪೆಟ್ಟಿಗೆಯ ಕಡೆ ತಿರುಗಿದಳು. "ನನ್ನ ಹತ್ರಾನೂ ನಾಚಿಕೆನೇನ್ರೀ ನಿಮಗೆ?" ಎಂದು ಗದರಿದವಳಿಗೆ ಮೊನ್ನೆಯಿಂದ ಬಾರದ ಅಳು ಆಗ ಬಂತು.

ವ್ಯಾನು ಬಂತು. ಗಾಯಕಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ನಿಜ ಹೇಳಿದಳು. ಆಮೇಲೆ ಯಂತ್ರವಿಲ್ಲದೆ, ತಾಳವಿಲ್ಲದೆ, ಬರಿಯ ಗಂಟಲಲ್ಲಿ ಹಾಡಿದಳು. ಕೊನೆಯ ಸಾಲು ಮುಗಿಸಿ ತುಟಿ ಬಿಗಿಹಿಡಿದು ನಿಂತಳು.

ಒಳಗೆ ಮೈದುನನೂ ಕೀಬೋರ್ಡಿನವನೂ ಇನ್ನಿಬ್ಬರೂ ಪೆಟ್ಟಿಗೆಗೆ ಹೆಗಲು ಕೊಟ್ಟು ಬಾಗಿಲ ತನಕ ಬಂದು, ಬೂಟು ಕಂಡು ನಿಂತರು. ಅಷ್ಟರಲ್ಲಿ ಹೊರಗೆ ಬೀದಿಯಿಡೀ ಒಟ್ಟಿಗೆ ಉಸಿರು ಬಿಟ್ಟಿತು. ಅದು ಅರ್ಧದಲ್ಲಿ ಒಮ್ಮೆ ತಡೆದು, ಆಮೇಲೆ ಪೂರ್ತಿ ಇಳಿಯಿತು.

"ಬೆಟ್ಟ ಹೊತ್ಕೊಂಡು ಬಂದ್ರಾ," ಎಂದಳು ಅವಳು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ಅವಳ ಕಾಲು ತಾನಾಗಿ ಮುಂದೆ ಹೋಗಿ ಬೂಟನ್ನು ಬೆಂಚಿನಡಿಗೆ ತಳ್ಳಿತು.