ಹಿಂಬದಿಯ ತೊಟ್ಟಿ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸವೆಸಿದ ಅವಳನ್ನು ಎಲ್ಲರೂ ಸೋಪಕ್ಕ ಅಂತಲೇ ಕರೆಯುತ್ತಿದ್ದರು. ರಕ್ತ, ಕೀವು, ವಾಂತಿ ಯಾವುದಕ್ಕೂ ಮೂಗು ಮುರಿದವಳಲ್ಲ. ಅಂಥವಳು ಮಾರಾಟಕ್ಕಿದ್ದ ಆ ಲಾಂಡ್ರಿಯ ಬಾಗಿಲಲ್ಲೇ ಮೂಗಿಗೆ ಸೆರಗು ಹಿಡಿದಳು.

ಅದನ್ನು ಕೊಳ್ಳುವ ಹುಚ್ಚು ಹತ್ತಿದ್ದು ಅವಳ ತಮ್ಮನಿಗೆ. ದರ್ಜಿ ಕೆಲಸ ಮಾಡಿ ಮಾಡಿ ಅವನ ಕುತ್ತಿಗೆ ಹಿಡಿದುಹೋಗಿತ್ತು. ಗಿರಾಕಿ ನಾಣ್ಯ ಹಾಕುತ್ತಾನೆ, ಮೆಷಿನ್ನು ಒಗೆಯುತ್ತದೆ, ನಾವು ಕಾಲು ಚಾಚಿ ಕೂತರಾಯಿತು ಅಂತ ತಿಂಗಳಿಂದ ಅಕ್ಕನ ತಲೆ ತಿನ್ನುತ್ತಿದ್ದ. ಅವಳ ನಿವೃತ್ತಿಯ ಹಣ ಸೇರದೆ ವ್ಯಾಪಾರ ಕುದುರುವಂತಿರಲಿಲ್ಲ. "ಕಣ್ಣಾರೆ ನೋಡದೆ ಹೂಂ ಅನ್ನಲ್ಲ," ಅಂದಿದ್ದಳು.

ಮಾಲೀಕನದು ಬೆಣ್ಣೆಯಂಥ ಮಾತು. ಗೋಡೆಗೆ ಹೊಸ ಬಣ್ಣ ಬಳಿಸಿ, ಒಳಗೆಲ್ಲ ಸೆಂಟು ಹೊಡೆದಿದ್ದ. ಸೆಂಟಿನ ಅಡಿಯಲ್ಲಿ ಹಿಂಡದೆ ಬಿಟ್ಟ ನೆಲ ಒರೆಸುವ ಬಟ್ಟೆಯ ವಾಸನೆ. ಸೋಪಕ್ಕ ಒಂದು ಮೆಷಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಬಾಯಿಯ ಸುತ್ತಲಿನ ರಬ್ಬರು ಬಳೆಯನ್ನು ಬೆರಳಿಂದ ಮಡಚಿದಳು. ಕರ್ರನೆ ಲೋಳೆ. ಅದರೊಳಗೆ ಉಂಡೆಗಟ್ಟಿದ ಕೂದಲು, ಯಾರದೋ ಗಾಯದಿಂದ ಕಿತ್ತುಬಂದ ಪಟ್ಟಿ.

"ಕೊಳೆ ಬಟ್ಟೆ ತರೋ ಜಾಗ ಅಲ್ವಾ ಅಕ್ಕಾವ್ರೇ, ಸ್ವಲ್ಪ ಇದ್ದದ್ದೇ," ಎಂದು ಮಾಲೀಕ ನಕ್ಕ. ತಮ್ಮನೂ ನಕ್ಕ.

ಪಕ್ಕದ ಮೆಷಿನ್ನಿಗೆ ಆಗಷ್ಟೇ ನೀರು ಇಳಿಯುತ್ತಿತ್ತು. ಸೋಪಿನ ಪುಡಿ ಹಾಕುವ ಖಾನೆಯನ್ನು ಎಳೆದು ಬೊಗಸೆಯೊಡ್ಡಿದಳು. ನೀರು ಬೆಚ್ಚಗೆ, ಬೂದಿಬಣ್ಣಕ್ಕಿತ್ತು. ಆಗಲೇ ಸೋಪಿನ ಜಾರು.

"ಇದು ಎಲ್ಲಿಂದ ಬರುತ್ತೆ?"

"ನಲ್ಲಿಯಿಂದ, ಇನ್ನೆಲ್ಲಿಂದ?"

ಅವಳು ನೀರು ಬರುವ ಪೈಪಿನ ಜಾಡು ಹಿಡಿದು ಹೋಗಿ ಹಿಂಬಾಗಿಲು ದೂಡಿದಳು. ಅಲ್ಲೊಂದು ಸಿಮೆಂಟು ತೊಟ್ಟಿ. ಮುಚ್ಚಳ ಸರಿಸಿದರೆ ಕೆನೆಗಟ್ಟಿದ ನೊರೆ, ಕೂದಲು, ಅಂಗಿಯ ಗುಂಡಿಗಳು, ಉಬ್ಬಿದ ಜಿರಲೆಗಳು. ಎಲ್ಲ ಮೆಷಿನ್ನುಗಳ ಕೊಳೆನೀರು ಇದಕ್ಕೇ ಬೀಳುತ್ತಿತ್ತು. ಒಂದು ಪಂಪು ಅದನ್ನೇ ಎತ್ತಿ ಮತ್ತೆ ಒಳಗೆ ಕಳಿಸುತ್ತಿತ್ತು.

ಮಾಲೀಕನ ಮುಖದಲ್ಲಿ ನಾಚಿಕೆಯ ಸುಳಿವೇ ಇಲ್ಲ. ದನಿ ತಗ್ಗಿಸಿ ಹೇಳಿದ: "ನನ್ನದೇ ತಲೆ ಇದು. ಅವರ ಕೊನೇ ನೀರು, ಇವರ ಮೊದಲನೇ ನೀರು. ನೀರಿನ ಬಿಲ್ಲು ಅರ್ಧಕ್ಕಿಳೀತು. ಗಿರಾಕಿಗೇನು ಗೊತ್ತಾಗುತ್ತೆ?"

ಅವಳು ತಮ್ಮನ ಕಡೆ ತಿರುಗಿದಳು. ಅವನು ಬಗ್ಗಿ ಪಂಪನ್ನು ನೋಡುತ್ತಿದ್ದ.

"ಒಂದು ಜರಡಿ ಹಾಕಿದ್ರೆ ಸರಿಹೋಗಲ್ವೇನಕ್ಕ?"

ಇವನ ತಲೆಯ ಹೇನು ಹೆಕ್ಕಿ, ಮೂಗು ಒರೆಸಿ ಬೆಳೆಸಿದವಳು ಅವಳೇ. ಆಗೆಲ್ಲ ಬಾರದ ಹೇಸಿಗೆ ಈಗ ಅವನ ಮೇಲೆ ಬಂತು.

ಒಳಗೆ ಬಂದರೆ, ಒಬ್ಬ ತಾಯಿ ಸೊಂಟದ ಮೇಲೆ ಕೂಸನ್ನಿಟ್ಟುಕೊಂಡು ಪುಟ್ಟ ಪುಟ್ಟ ಅಂಗಿಗಳನ್ನು ಮೆಷಿನ್ನಿಗೆ ತುಂಬುತ್ತಿದ್ದಳು. ಕೂಸಿನ ಕತ್ತೆಲ್ಲ ಕೆಂಪು ಗಂದೆ.

"ಎಷ್ಟು ದಿನದಿಂದ ಹೀಗಿದೆಯಮ್ಮಾ?"

"ತಿಂಗಳಾಯ್ತು. ಬಟ್ಟೆ ಚೊಕ್ಕಟವಾಗಿಡಿ ಅಂದ್ರು ಡಾಕ್ಟ್ರು. ಅದಕ್ಕೇ ದಿನಾ ಇಲ್ಲಿಗೆ ತರ್ತೀನಿ."

ಸೋಪಕ್ಕ ಅವಳ ಕೈ ಹಿಡಿದಳು. "ಬಾ, ಒಂದು ತೋರಿಸ್ತೀನಿ." ಮಾಲೀಕ ಅಡ್ಡ ನಿಂತ. "ಪಕ್ಕಕ್ಕೆ ಸರೀರಿ," ಅಂದಳು. ಆಸ್ಪತ್ರೆಯಲ್ಲಿ ನಲವತ್ತು ಜನರನ್ನು ದುಡಿಸಿದ ದನಿ ಅದು, ಅವನು ಸರಿದ. ಉಳಿದ ಗಿರಾಕಿಗಳೂ ಹಿಂದೆಯೇ ಬಂದರು. ಆ ತಾಯಿ ತೊಟ್ಟಿಯೊಳಗೆ ನೋಡಿ, ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು. ಹಿಂದಿರುಗಿ ಅಂಗಿಗಳನ್ನೆಲ್ಲ ಚೀಲಕ್ಕೆ ತುರುಕಿ, ಯಾರ ಮುಖವನ್ನೂ ನೋಡದೆ ಹೊರಟುಹೋದಳು.

"ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ," ಅಂದ ಮಾಲೀಕ.

"ಹೊಟ್ಟೆ ನಿಮ್ಮದು, ಮೈ ಅವರದ್ದು," ಅಂದಳು ಸೋಪಕ್ಕ.

ದಾರಿಯುದ್ದಕ್ಕೂ ತಮ್ಮ ಗೊಣಗಿದ. ನಾವು ಕೊಂಡ ಮೇಲೆ ಮೆಲ್ಲಗೆ ಸರಿಮಾಡಬಹುದಿತ್ತು, ಬೀದಿರಂಪ ಯಾಕೆ ಬೇಕಿತ್ತು ಅಂತ. ಅವಳು ನಿಂತಳು. "ನಿನ್ನ ಮಗಳ ಲಂಗಾನ ಆ ತೊಟ್ಟೀಲಿ ಅದ್ದಿ ಅವಳಿಗೆ ತೊಡಿಸ್ತೀಯಾ? ತೊಡಿಸ್ತೀನಿ ಅನ್ನು, ಈಗಲೇ ಹಣ ಕೊಡ್ತೀನಿ."

ಅವನು ಅವಳನ್ನು ಅಲ್ಲೇ ಬಿಟ್ಟು ಸರಸರನೆ ಮುಂದೆ ನಡೆದ.

ಮಾರನೆಯ ದಿನವೇ ಅವಳು ನಗರಸಭೆಯ ಆರೋಗ್ಯ ಕಚೇರಿಗೆ ದೂರು ಬರೆದುಕೊಟ್ಟಳು. ವಾರದೊಳಗೆ ಲಾಂಡ್ರಿಗೆ ಬೀಗ ಬಿತ್ತು. ಅದಾದ ಮೇಲೆ ತಮ್ಮ ಅವಳ ಮನೆಗೆ ಬಂದು, ನೆಲ ನೋಡುತ್ತ, "ಅದು ಬೇಡ ಬಿಡಕ್ಕ," ಅಂದ.

ಹೇಸಿಗೆಯಾಗಿ ಬೇಡ ಅಂದನೋ, ಬೀಗ ಬಿದ್ದದ್ದಕ್ಕೆ ಬೇಡ ಅಂದನೋ, ಅವಳು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.