ಲಿಸಿಯಾತೆ ಡಾಕ್ಟರರ ಮೊದಲ ಪ್ರಶ್ನೆ

ಪ್ರಸೂತಿ ವೈದ್ಯರು ಬಸುರಿಯನ್ನು ಮೊದಲು ಕೇಳುವುದು ಮುಟ್ಟಿನ ವಿಚಾರ; ನಮ್ಮ ವವಾವು ದ್ವೀಪದ ಲಿಸಿಯಾತೆ ಡಾಕ್ಟರರು ಮಾತ್ರ, "ನೀನು ಯಾರ ಮೊಮ್ಮಗಳಮ್ಮಾ?" ಎಂದೇ ಶುರುಮಾಡುತ್ತಿದ್ದರು. ಬಿಳಿ ಕೋಟಿನ ಮೇಲೆ ನಮ್ಮವರು ಮರ್ಯಾದೆಗೆಂದು ಉಡುವ ಹೆಣೆದ ಚಾಪೆಯನ್ನು ಸೊಂಟಕ್ಕೆ ಬಿಗಿದು, ತಮ್ಮ ಸ್ಥೂಲಕಾಯವನ್ನು ತುದಿಗಾಲಲ್ಲಿ ಹೊತ್ತು ತಂದು, ಹೆರಿಗೆ ವಾರ್ಡಿನ ಬಾಗಿಲಲ್ಲಿ ಗಟ್ಟಿಯಾಗಿ ಕೆಮ್ಮಿದ ಮೇಲೆಯೇ ಅವರ ಪ್ರವೇಶ. ಅಕ್ಕತಂಗಿಯರ ಎದುರು ಮೈಯ ಮಾತೆತ್ತಬಾರದು, ಅವರ ಹಾಸಿಗೆಯ ಬಳಿ ಸುಳಿಯಬಾರದು ಎಂಬುದು ನಮ್ಮ ಟೋಂಗಾ ದೇಶದ ಗಂಡಸರಿಗಿರುವ ಕಟ್ಟುಪಾಡು; ಡಾಕ್ಟರರೂ ಗಂಡಸೇ ತಾನೆ. ದೊಡ್ಡಪ್ಪ, ಚಿಕ್ಕಮ್ಮ, ಮಾವ, ಅತ್ತೆಯರ ಹೆಣ್ಣುಮಕ್ಕಳೆಲ್ಲ ನಮಗೆ ಅಕ್ಕತಂಗಿಯರೇ. ಸುವಾದಲ್ಲಿ ಓದಿ, ಆಕ್ಲೆಂಡಿನಲ್ಲಿ ತರಬೇತಿ ಪಡೆದು, ಕಷ್ಟದ ಹೆರಿಗೆ, ಗರ್ಭಕೋಶದ ಗಡ್ಡೆ, ಮುಟ್ಟು ನಿಲ್ಲುವ ಕಾಲದ ಸಂಕಟ ಎಲ್ಲದರಲ್ಲೂ ಕೈ ಪಳಗಿಸಿಕೊಂಡು ಊರಿಗೆ ಬಂದರೆ, ಅರ್ಧ ದ್ವೀಪವೇ ಅವರಿಗೆ ತಂಗಿ! ಆ ಅರ್ಧವನ್ನು ಫಿಪೆ ಎಂಬ ವೈದ್ಯೆ ನೋಡಿಕೊಳ್ಳುತ್ತಿದ್ದರು. ನೆಂಟಸ್ತನವಿಲ್ಲವೆಂದು ಖಾತ್ರಿಯಾದೊಡನೆ ಡಾಕ್ಟರರ ಮುಖ ಅರಳುವುದನ್ನು ಕಂಡು, ತಾವು ಪರಕೀಯರೆಂದು ಇಷ್ಟು ಖುಷಿಪಟ್ಟವರು ಬೇರಿಲ್ಲವೆಂದು ಹೆಂಗಸರು ನಗುತ್ತಿದ್ದರು.

ಬಿರುಗಾಳಿಗೆ ವಿಮಾನ ನಿಂತು ಫಿಪೆ ರಾಜಧಾನಿಯಲ್ಲಿ ಸಿಕ್ಕಿಕೊಂಡ ದಿನವೇ, ಡಾಕ್ಟರರ ಒಡಹುಟ್ಟಿದ ಅಕ್ಕ ಲುಪೆಗೆ ಹೆರಿಗೆ ನೋವು ಬಂತು. ಡಾಕ್ಟರರು ವಾರ್ಡಿನ ಕಿಟಕಿಗೆ ಬೆನ್ನು ಹಾಕಿ ಹೊರಗಿನ ಜಗಲಿಯಲ್ಲಿ ಕೂತರು. ಸೂಲಗಿತ್ತಿ ನರ್ಸ್ ವಿಕಾ ಒಳಗೂ ಹೊರಗೂ ಓಡಾಡತೊಡಗಿದಳು.

"ಮಗು ಅಡ್ಡ ಮಲಗಿದೆ ಡಾಕ್ಟ್ರೇ."

"ಯಾವ ಪೇಷೆಂಟು?"

"ನಿಮಗೆ ಗೊತ್ತೇ ಇಲ್ದಿರೋರು."

"ಹಾಗಾದ್ರೆ ಸರಿ. ಮುಂದೆ ಹೇಳು."

ಮತ್ತೊಮ್ಮೆ ಬಂದಾಗ ವಿಕಾಳ ಮುಖದಲ್ಲಿ ತಮಾಷೆ ಇರಲಿಲ್ಲ. "ಮಗೂನ ಎದೆಬಡಿತ ಇಳೀತಿದೆ. ಕುಯ್ಯಲೇಬೇಕು. ನನ್ನ ಕೈಲಾಗಲ್ಲ."

ಡಾಕ್ಟರರು ಎದ್ದರು, ಮತ್ತೆ ಕೂತರು. ಅಕ್ಕ ಹೋಗಿಬಿಟ್ಟರೆ ಎಂಬ ಭಯ ಒಂದು ಕಡೆ, ತಮ್ಮಿಂದಲೇ ಅವಳ ಮಾನ ಹೋದರೆ ಎಂಬ ಭಯ ಇನ್ನೊಂದು ಕಡೆ. ಅಷ್ಟರಲ್ಲಿ ಕಿಟಕಿಯೊಳಗಿಂದ ಲುಪೆ ಗುಡುಗಿದಳು: "ವಿಕಾ, ಆಚೆ ಕೂತಿರೋ ಆ ದಡಿಯನ್ನ ಕೇಳು, ಅಕ್ಕನ ಮಾತು ಮೀರೋದು ನಮ್ಮನೇಲಿ ಯಾವತ್ತು ಶುರುವಾಯ್ತು ಅಂತ! ನಾನು ಒಳಗೆ ಬಾ ಅಂತಿದೀನಿ!"

ಟೋಂಗಾದಲ್ಲಿ ಅಕ್ಕನ ಮಾತು ಮೀರುವ ತಮ್ಮ ಇನ್ನೂ ಹುಟ್ಟಿಲ್ಲ. ಡಾಕ್ಟರರು ಚಾಪೆ ಬಿಚ್ಚಿಟ್ಟರು, ಕೈ ತೊಳೆದರು, ಅಕ್ಕನ ಮುಖ ಕಾಣದಂತೆ ಅಡ್ಡಲಾಗಿ ಬಟ್ಟೆ ಕಟ್ಟಿಸಿದರು. ಯಾರ ಮೊಮ್ಮಗಳೆಂದು ಕೇಳದೆ ಅವರು ಕತ್ತಿ ಹಿಡಿದದ್ದು ಅದೇ ಮೊದಲು. ಹೆಣ್ಣುಮಗು ದ್ವೀಪಕ್ಕೆಲ್ಲ ಕೇಳುವಂತೆ ಅತ್ತಿತು; ಹೊಲಿಗೆ ಮುಗಿಸಿ ಹಿಂಬಾಗಿಲಿಂದ ಹೊರಬಿದ್ದ ಮಾವನೂ ಏನು ಕಡಿಮೆ ಅಳಲಿಲ್ಲವಂತೆ.

ಮರುದಿನ ಬಾಗಿಲಲ್ಲಿ ಎಂದಿನ ಕೆಮ್ಮು. "ವಿಕಾ, ಆ ಪೇಷೆಂಟಿನ ಗಾಯ ಹೇಗಿದೆ?"

ಲುಪೆ ಗೋಡೆಯ ಕಡೆ ಹೊರಳಿದಳು. "ಯಾವ ಡಾಕ್ಟ್ರೋ ಪಾಪ, ಚೆನ್ನಾಗೇ ಹೊಲಿದಿದಾರೆ ಕಣೇ. ನಾನಂತೂ ಮುಖ ನೋಡ್ಲಿಲ್ಲ."

ಹೊರಗಿನಿಂದ ಬಂದ ವೈದ್ಯರು ಕೆಲಸ ಮುಗಿಸಿ ವಿಮಾನ ಹತ್ತುತ್ತಾರೆ. ತಮ್ಮವರ ನಡುವೆಯೇ ಕತ್ತಿ ಹಿಡಿಯುವ ಲಿಸಿಯಾತೆಯಂಥವರು ಮಾತ್ರ, ಕಂಡದ್ದನ್ನು ಕಾಣದವರಾಗಿ, ಬದುಕಿರುವಷ್ಟು ಕಾಲವೂ ಬಾಗಿಲಲ್ಲಿ ನಿಂತು ಕೆಮ್ಮುತ್ತಿರಬೇಕಾಗುತ್ತದೆ.