ಅಂಗೈಯಲ್ಲಿ ಮಿಕ್ಕ ಸಿಮೆಂಟು

ಹಸಿರು ಪರದೆಯಾಚೆ ಯಾರದೋ ಕಾಲನ್ನು ಎತ್ತಿ ಇಟ್ಟರು, ನನ್ನದೇ ಇರಬೇಕು, ಬೆನ್ನಿಗೆ ಸೂಜಿ ಚುಚ್ಚಿದ ಮೇಲೆ ಸೊಂಟದ ಕೆಳಗಿನದೆಲ್ಲ ಡಾಕ್ಟರ ಸುಪರ್ದಿಗೆ ಹೋಗಿದೆ — ಅಬ್ಬಾ, ಏನು ಚಳಿ ಈ ಕೋಣೆಯಲ್ಲಿ — ಮೊಣಕಾಲಿನ ಕೆಳಗೆ ನೀರುಗುಳ್ಳೆ ಮೂಳೆ ತಿಂದು ಮಾಡಿದ ತೂತು, ಎರಡು ಸಲ ಅಲ್ಲೇ ಮುರಿದಿತ್ತು, ಈಗ ಕೆರೆದು ಸಿಮೆಂಟು ತುಂಬಿದ್ದಾರೆ, ನಮ್ಮ ಲ್ಯಾಬಿನದೇ ಸಿಮೆಂಟು, ನಾನೇ ಗಾಜು ಅರೆದು ಜರಡಿ ಹಿಡಿದು ಬೆರೆಸಿದ ಪುಡಿ, ಇಷ್ಟು ವರ್ಷ ಕಂಡವರ ಮೂಳೆಗೆಲ್ಲ ಕಳಿಸಿ ಈಗ ಸ್ವಂತಕ್ಕೆ, ಅಮ್ಮನಿಗೆ ಹೇಳಿದಾಗ ಸೌಟು ಹಿಡಿದೇ ನಿಂತುಬಿಟ್ಟಳು, ಗಾಜಾ, ಕಾಲಿಗೆ ಗಾಜು ಚುಚ್ಚಿದ್ರೆ ಜನ ಆಸ್ಪತ್ರೆಗೆ ಹೋಗಿ ತೆಗೆಸ್ಕೋತಾರೆ, ನೀನು ಹೋಗಿ ಹಾಕಿಸ್ಕೋತೀಯಲ್ಲೇ, ತಲೆ ನೆಟ್ಟಗಿದೆಯಾ ನಿಂಗೆ — ಅಮ್ಮಾ, ಇದು ಕಿಟಕಿ ಗಾಜಲ್ಲ, ಮೈಯೊಳಗೆ ಮೆಲ್ಲಗೆ ಕರಗುತ್ತೆ, ಕರಗಿದ ಜಾಗಕ್ಕೆ ಮೂಳೆ ಬೆಳೀತಾ ಬರುತ್ತೆ, ಮಿಕ್ಕಿದ್ದು ಮೂಳೇಲೇ ಇರೋ ಸುಣ್ಣ, ರಂಜಕ, ಅಷ್ಟೇ — ಏನೋಮ್ಮ, ಸುಣ್ಣ ಗಾಜು ಎಲ್ಲಾ ಹಾಕಿಸಿ ಕಾಲಲ್ಲೇ ಒಂದು ಮನೆ ಕಟ್ಟಿಸ್ಕೊಂಡು ಬಾ ಹೋಗು. ನಗು ಬರುತ್ತದೆ, ನಗಬಾರದು, ಕಾಲು ಅಲುಗೀತು.

ತುಂಬಿ ಮಿಕ್ಕ ಸಿಮೆಂಟನ್ನು ಸಿಸ್ಟರ್ ಗೋಲಿಯಷ್ಟು ಉಂಡೆ ಮಾಡಿ ನನ್ನ ಅಂಗೈಗಿಟ್ಟಿದ್ದಾರೆ, ಈ ಡಾಕ್ಟರ ಪದ್ಧತಿಯೇ ಅದು, ಎಚ್ಚರವಿರುವ ರೋಗಿಯ ಕೈಗೇ ಕೊಡುವುದು, ಗಟ್ಟಿಯಾದಾಗ ಹೇಳಿಬಿಡಿ, ಒಳಗಿನದೂ ಆಗಿರುತ್ತೆ, ಆಮೇಲೆ ಹೊಲಿಗೆ. ನನಗೆ ಹೇಳಿಕೊಡಬೇಕಾ ಡಾಕ್ಟ್ರೇ, ದಿನಾ ಇದೇ ತಾನೇ ಕೆಲಸ, ಉಗುರು ಊರಿದರೆ ಗುರುತು ಬೀಳಬಾರದು — ಊರಿದೆ, ಬಿತ್ತು. ಇರಲಿ, ಅವಸರವೇನು. ಒಳಗೆ ರಕ್ತ ಜಿನುಗುತ್ತಿರುತ್ತದೆ, ಬೇಗ ಗಟ್ಟಿಯಾಗದಿದ್ದರೆ ಹಿಟ್ಟಿನ ಹಾಗೆ ಕದಡಿ ಹೋಗುತ್ತದೆ, ಆಮೇಲೆ ಮೂಳೆಗೆ ಸರಳು, ಮತ್ತೆ ವಾಕರ್, ಮತ್ತೆ ಮಗಳು ಮೆಟ್ಟಿಲ ಕೆಳಗೆ — ಇನ್ನೂ ಮೂರು ತುಂಬಿಲ್ಲ, ಎರಡೂ ಕೈ ಮೇಲೆತ್ತುತ್ತಾಳೆ, ನೆನಪಾಗಿ ಇಳಿಸುತ್ತಾಳೆ, ಬೇಡ, ಅಮ್ಮಂಗೆ ಕಾಲು ಉವ್ವಾ, ನಾನೇ ಬತ್ತೀನಿ — ಹಟ ಮಾಡಬಾರದೇ ಅದು, ಬಿದ್ದು ಹೊರಳಾಡಿ ರಂಪ ಮಾಡಬಾರದೇ, ಇದೆಂಥ ಜಾಣತನ ಈ ವಯಸ್ಸಿಗೆ, ಅವಳನ್ನು ಎತ್ತಿಕೊಳ್ಳಬೇಕು, ಬೇರೇನೂ ಬೇಡ. ಉಗುರು ಊರಿದೆ, ಮತ್ತೆ ಗುರುತು. ಡಾಕ್ಟ್ರೇ, ಇನ್ನೂ ಮೆತ್ತಗಿದೆ. ಇಷ್ಟು ಹೊತ್ತಾದ್ರೂನಾ? ಹೂಂ. ಹಾಗಾದ್ರೆ ಕೈಕೊಟ್ಟಿದೆ ಇದು, ತೆಗೆದು ಹೊಸದು ಹಾಕೋಣ, ಸಿಸ್ಟರ್, ಇನ್ನೊಂದು ಪ್ಯಾಕೆಟ್ — ತಟ್ಟೆಯಲ್ಲಿ ಲೋಹದ ಸದ್ದು — ಎಲ್ಲಿ ಎಡವಟ್ಟಾಯಿತು, ಜರಡಿಯಲ್ಲಾ, ಪುಡಿ ಕಲಸುವ ದ್ರವದಲ್ಲಾ, ಲ್ಯಾಬಿನಲ್ಲಿ ಒಂದು ಸಲವೂ ಹೀಗಾಗಿಲ್ಲ, ಬಿಸಿನೀರಿನ ತೊಟ್ಟಿಯಲ್ಲಿಡುತ್ತೇವೆ, ಮೈಬಿಸಿಯಷ್ಟೇ ಬಿಸಿ ನೀರು — ಮೈಬಿಸಿ — ಅಯ್ಯೋ ನನ್ನ ಬುದ್ಧಿಗಿಷ್ಟು, ಕೈ! ಕೈ ಮಂಜುಗಡ್ಡೆಯಾಗಿದೆ!

ತಡೀರಿ ತಡೀರಿ ಡಾಕ್ಟ್ರೇ, ಮುಟ್ಬೇಡಿ, ನನ್ನ ಕೈ ತಣ್ಣಗಿದೆ, ಅದಕ್ಕೇ ಇದು ಆಗಿಲ್ಲ, ಕಾಲೊಳಗೆ ಬಿಸಿ ಇದೆ, ಅಲ್ಲಿ ಗಟ್ಟಿಯಾಗ್ತಾ ಇರುತ್ತೆ, ಈಗ ಕೆದಕಿದ್ರೆ ಪುಡಿಪುಡಿ. ತಟ್ಟೆಯಲ್ಲಿ ಮತ್ತೆ ಲೋಹದ ಸದ್ದು, ಏನನ್ನೋ ಕೆಳಗಿಟ್ಟರು. ಆಮೇಲೆ ಡಾಕ್ಟರು, ಅಮ್ಮಾ ತಾಯಿ, ಎದೆ ಝಲ್ ಅನ್ನಿಸಿಬಿಟ್ರಲ್ಲ, ಸರಿ, ಕಾಯ್ತೀನಿ. ಉಂಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡೆ, ಸಿಸ್ಟರ್ ಕಿಸಕ್ಕೆಂದರು, ಕೋಳಿ ಕಾವಿಗೆ ಕೂತ ಹಾಗಿದೆ ನೋಡಿ, ಕೂತಿದ್ದೇನಮ್ಮ, ಕೂತಿದ್ದೇನೆ, ಉಸಿರು ಒಳಗೆ, ಉಸಿರು ಹೊರಗೆ, ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿದೆ, ಸಾಕು ಈಗ, ತೆಗೆದೆ, ಉಗುರು ಊರಿದೆ, ಇನ್ನೂ ಜೋರಾಗಿ, ಜಾರಿತು, ಗುರುತಿಲ್ಲ. ಆಯ್ತು ಡಾಕ್ಟ್ರೇ. ಇಲ್ಲೂ ಕಲ್ಲಾಗಿದೆ ಕಣ್ರೀ, ಹೊಲೀತೀನಿ. ಕಣ್ಣೀರು ಕಿವಿಯೊಳಗೆ ಇಳಿಯುತ್ತಿದೆ, ಇಳಿಯಲಿ. ಮಗಳನ್ನು ನಾಳೆಯೇ ಎತ್ತಲಾಗದು, ಗೊತ್ತು, ಮೂಳೆ ಬರಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ, ಬರಲಿ ನಿಧಾನ, ಆಮೇಲೊಂದು ದಿನ ಮೆಟ್ಟಿಲ ಕೆಳಗೆ ಮರೆತು ಕೈ ಎತ್ತುತ್ತಾಳೆ, ಇಳಿಸುವ ಮೊದಲೇ ನಾನು ಬಗ್ಗಿರಬೇಕು, ಇಳಿಸುವ ಮೊದಲೇ, ಎರಡು ಪುಟ್ಟ ಕೈ, ಬೆರಳೆಲ್ಲ ಬಿಚ್ಚಿ, ಮೇಲೆ, ಇನ್ನೂ ಮೇಲೆಯೇ